ಅರವತ್ತು ವರ್ಷದ ಚಕ್ರ ಮುಗಿಸಿದ ಮುಂಡಗೋಡ: ಟಿಬೆಟಿಯನ್ ಹಬ್ಬಗಳ ಒಳನೋಟ

ಹುಬ್ಬಳ್ಳಿ: 2026ರ ಮಹಾಶಿವರಾತ್ರಿ ಬಂದದ್ದು ಫೆಬ್ರವರಿ 15ಕ್ಕೆ. ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ತೇರು ಎಳೆಯುವುದು ಶಿವರಾತ್ರಿಯ ಮರುದಿನ. ಅಮಾವಾಸ್ಯೆ ಕಳೆದು ಫೆಬ್ರವರಿ 18ರಂದು, ಇಲ್ಲಿಂದ ಸುಮಾರು 50 ಕಿ.ಮೀ. ದೂರದ ಮುಂಡಗೋಡದ ಟಿಬೆಟಿಯನ್ ಕಾಲೊನಿಯ ಪಾಲಿಗೆ ಹೊಸ ವರ್ಷದ ಮೊದಲ ದಿನ. ಅದರ ಹೆಸರು ಲೋಸರ್. ಟಿಬೆಟಿಯನ್ ಭಾಷೆಯಲ್ಲಿ 'ಲೋ' ಎಂದರೆ ವರ್ಷ, 'ಸರ್' ಎಂದರೆ ಹೊಸದು.

ಲೋಸರ್ ಪ್ರತಿ ವರ್ಷವೂ ಬರುವ ಹಬ್ಬ. ಆದರೆ ಈ ಸಲದ ಲೋಸರ್‌ಗೆ ಬೇರೆಯೇ ಒಂದು ಮಹತ್ವವಿದೆ. ಮುಂಡಗೋಡದಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ಆರಂಭವಾದದ್ದು 1966ರಲ್ಲಿ. ಅವರ ಪಂಚಾಂಗದ ಪ್ರಕಾರ ಅದು 'ಅಗ್ನಿ-ಅಶ್ವ' ವರ್ಷ. 2026 ಕೂಡ ಅದೇ ಅಗ್ನಿ-ಅಶ್ವ ವರ್ಷ. ಎಂದರೆ, ಅರವತ್ತು ವರ್ಷಗಳ ಒಂದು ಪೂರ್ಣ ಚಕ್ರ ಕರ್ನಾಟಕದ ಮಣ್ಣಿನಲ್ಲೇ ಮುಗಿದು ಮತ್ತೆ ಮೊದಲಿನ ಹೆಸರಿಗೆ ಬಂದು ನಿಂತಿದೆ. ಊರು ಬಿಟ್ಟು ಬಂದ ಸಮುದಾಯವೊಂದು ತನ್ನ ಹಬ್ಬಗಳನ್ನು ಇಷ್ಟು ಕಾಲ ಹೇಗೆ ಉಳಿಸಿಕೊಂಡಿತು, ಮುಂದಿನ ಚಕ್ರದಲ್ಲಿ ಅವನ್ನು ನಡೆಸುವವರು ಯಾರು ಎಂಬ ಎರಡು ಪ್ರಶ್ನೆಗಳು ಈ ಹೊತ್ತಿಗೆ ಸಹಜವಾಗಿಯೇ ಏಳುತ್ತವೆ.

ಪಂಚಾಂಗದ ನಂಟು

ಟಿಬೆಟಿಯನ್ ಪಂಚಾಂಗ ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಅದೂ ಚಂದ್ರನ ತಿಥಿಗಳನ್ನೇ ಅನುಸರಿಸುತ್ತದೆ. ಅಲ್ಲಿಯೂ ಅಧಿಕ ಮಾಸವಿದೆ. ಕೆಲವು ತಿಥಿಗಳು ಲೋಪವಾಗುವುದೂ ಕೆಲವು ಎರಡು ಸಲ ಬರುವುದೂ ಉಂಟು. ಇದರ ಮೂಲ ಭಾರತದ ಕಾಲಚಕ್ರ ತಂತ್ರ. ಹನ್ನೊಂದನೆಯ ಶತಮಾನದಲ್ಲಿ ಈ ಗ್ರಂಥ ಟಿಬೆಟಿಯನ್ ಭಾಷೆಗೆ ಬಂದ ಮೇಲೆ, 1027ನೆಯ ಇಸವಿಯನ್ನು ಮೊದಲ ವರ್ಷವನ್ನಾಗಿಟ್ಟು ಅರವತ್ತು ವರ್ಷಗಳ ಚಕ್ರದ ಲೆಕ್ಕ ಆರಂಭವಾಯಿತು.

ಆ ಚಕ್ರದ ಹೆಸರು 'ರಬ್‌ಜುಂಗ್'. ಇದು ನಮ್ಮ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ 'ಪ್ರಭವ' ಎಂಬ ಸಂಸ್ಕೃತ ಪದದ ನೇರ ಟಿಬೆಟಿಯನ್ ರೂಪ. ಹೆಸರಷ್ಟೇ ಅಲ್ಲ, ಲೆಕ್ಕವೂ ಒಂದೇ. 1987ರ ಯುಗಾದಿಗೆ ಕನ್ನಡಿಗರಿಗೆ ಪ್ರಭವ ಸಂವತ್ಸರ ಆರಂಭವಾದರೆ, ಅದೇ ವರ್ಷ ಟಿಬೆಟಿಯನ್ನರಿಗೆ ಹದಿನೇಳನೆಯ ರಬ್‌ಜುಂಗ್ ಆರಂಭವಾಯಿತು. ನಾವು ಪ್ರತಿ ವರ್ಷಕ್ಕೂ ಒಂದು ಸಂವತ್ಸರದ ಹೆಸರು ಹೇಳುತ್ತೇವೆ. ಅವರು ಕಾಷ್ಠ, ಅಗ್ನಿ, ಪೃಥ್ವಿ, ಲೋಹ, ಜಲ ಎಂಬ ಐದು ತತ್ತ್ವಗಳನ್ನು ಹನ್ನೆರಡು ಪ್ರಾಣಿಗಳೊಡನೆ ಜೋಡಿಸಿ ಹೇಳುತ್ತಾರೆ. ಈ ಪ್ರಾಣಿಗಳ ಹೆಸರು ಚೀನಾದ ಕಡೆಯಿಂದ ಬಂದದ್ದು.

ಆದ್ದರಿಂದ ಅವರ 'ಅಗ್ನಿ-ಅಶ್ವ' ನಮ್ಮ ಲೆಕ್ಕದಲ್ಲಿ 'ಪರಾಭವ' ಸಂವತ್ಸರ. 1966ರ ಯುಗಾದಿಗೆ ಬಂದದ್ದು ಪರಾಭವ. 2026ರ ಮಾರ್ಚ್ 19ರ ಯುಗಾದಿಯದೂ ಪರಾಭವವೇ. ಪರಾಭವ ಎಂದರೆ ಸೋಲು. ಸೋತು ಬಂದವರು ಹೊಸದಾಗಿ ನೆಲೆ ಹೂಡಿದ ವರ್ಷಕ್ಕೆ ನಮ್ಮ ಪಂಚಾಂಗದಲ್ಲಿದ್ದ ಹೆಸರು ಅದು.

ಬಕ್ಸಾದಿಂದ ಮುಂಡಗೋಡಕ್ಕೆ

1959ರ ಮಾರ್ಚ್‌ನಲ್ಲಿ ಹದಿನಾಲ್ಕನೆಯ ದಲೈ ಲಾಮಾ ಲ್ಹಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ನಿರಾಶ್ರಿತರಿಗೆ ಭೂಮಿ ಒದಗಿಸುವಂತೆ ಪ್ರಧಾನಿ ನೆಹರೂ ರಾಜ್ಯಗಳನ್ನು ಕೋರಿದಾಗ ಮೈಸೂರು ರಾಜ್ಯ ಮುಂದೆ ಬಂದಿತು. ಮೊದಲು ಬೈಲಕುಪ್ಪೆ, ಬಳಿಕ ಮುಂಡಗೋಡ, 1970ರ ದಶಕದಲ್ಲಿ ಹುಣಸೂರು ಬಳಿಯ ಗುರುಪುರ ಹಾಗೂ ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ ಹೀಗೆ ವಸತಿಗಳು ತಲೆಯೆತ್ತಿದವು. ಮುಂಡಗೋಡದ ವಸತಿಗೆ ಸಿಕ್ಕದ್ದು ಸುಮಾರು 4 ಸಾವಿರ ಎಕರೆ. ಅದರ ಟಿಬೆಟಿಯನ್ ಹೆಸರು ಡೊಗುಲಿಂಗ್.

ಹಿಮದ ನಾಡಿನಿಂದ ಬಂದವರಿಗೆ ಮಲೆನಾಡ ಸೆರಗಿನ ಸೆಕೆ, ಮಳೆ, ಕಾಡು ಎಲ್ಲವೂ ಹೊಸದು. ಮರ ಕಡಿದು ಹೊಲ ಮಾಡಬೇಕಿತ್ತು. ಬಾರ್ಲಿ ಬೆಳೆದವರು ಇಲ್ಲಿ ಭತ್ತ, ಗೋವಿನಜೋಳ ಬೆಳೆಯುವುದನ್ನು ಕಲಿತರು. ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದು ಅನೇಕ ಕುಟುಂಬಗಳಿಗೆ ಆಸರೆಯಾಯಿತು.

ಭಿಕ್ಷುಗಳ ಕಥೆ ಇನ್ನೂ ಕಠಿಣ. ಲ್ಹಾಸಾ ಸುತ್ತಲಿನ ಮೂರು ಮಹಾಮಠಗಳಾದ ಗಾದೆನ್, ಡ್ರೆಪುಂಗ್ ಮತ್ತು ಸೆರಾ ಕ್ರಮವಾಗಿ 1409, 1416 ಮತ್ತು 1419ರಲ್ಲಿ ಸ್ಥಾಪನೆಯಾದವು. ಅಲ್ಲಿಂದ ಪಾರಾಗಿ ಬಂದ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಬಂದಿಗಳನ್ನಿಡುತ್ತಿದ್ದ ಹಳೆಯ ಶಿಬಿರದಲ್ಲಿ ಇರಿಸಲಾಯಿತು. ಅಲ್ಲಿನ ತೇವ ಮತ್ತು ಇಕ್ಕಟ್ಟಿನಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಆದರೂ ಪಾಠ ನಿಲ್ಲಲಿಲ್ಲ. ಸುಮಾರು ಹತ್ತು ವರ್ಷಗಳ ನಂತರ ಅವರನ್ನು ಕರ್ನಾಟಕಕ್ಕೆ ಕರೆತರಲಾಯಿತು. ಸೆರಾ ಮಠ ಬೈಲಕುಪ್ಪೆಯಲ್ಲಿಯೂ ಗಾದೆನ್ ಮತ್ತು ಡ್ರೆಪುಂಗ್ ಮಠಗಳು ಮುಂಡಗೋಡದಲ್ಲಿಯೂ ಮತ್ತೆ ಕಟ್ಟಲ್ಪಟ್ಟವು. ಸ್ಥಳೀಯರ ಬಾಯಲ್ಲಿ ಇವು 'ಲಾಮಾ ಕ್ಯಾಂಪ್'ಗಳು. ಗಾದೆನ್ ಇರುವುದು ಒಂದನೆಯ ನಂಬರಿನಲ್ಲಿ, ಡ್ರೆಪುಂಗ್ ಎರಡನೆಯದರಲ್ಲಿ.

ಇಲ್ಲೊಂದು ಗಮನಾರ್ಹ ಸಂಗತಿಯಿದೆ. ಚೀನಾದಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದದ್ದು ಇದೇ 1966ರಲ್ಲಿ. ಆ ವರ್ಷಗಳಲ್ಲಿ ಟಿಬೆಟ್‌ನ ಮೂಲ ಗಾದೆನ್ ಮಠ ನೆಲಸಮವಾಯಿತು. ಅದನ್ನು ಮತ್ತೆ ಕಟ್ಟಲು ಆರಂಭಿಸಿದ್ದು ಬಹಳ ಕಾಲದ ನಂತರ. ಅಲ್ಲಿ ಗೋಡೆಗಳು ಬೀಳುತ್ತಿದ್ದ ಕಾಲದಲ್ಲಿ ಇಲ್ಲಿ ಅದೇ ಜನ ಕಾಡು ಸವರಿ ಮನೆ ಎಬ್ಬಿಸುತ್ತಿದ್ದರು.

ಹಳೆಯದನ್ನು ಹೊರಗಟ್ಟುವ ರಾತ್ರಿ

ಲೋಸರ್ ಹಬ್ಬ ನಿಜವಾಗಿ ಶುರುವಾಗುವುದು ಹೊಸ ವರ್ಷಕ್ಕೆ ಎರಡು ದಿನ ಮೊದಲು, ಹನ್ನೆರಡನೆಯ ತಿಂಗಳ 29ರಂದು. ಅಂದು ಮನೆಯ ಕಸ ಗುಡಿಸಿ, ಗೋಡೆ ಒರೆಸಿ ಶುಚಿಗೊಳಿಸುತ್ತಾರೆ. ರಾತ್ರಿ 'ಗುಥುಕ್' ಎಂಬ ಒಂಬತ್ತು ಪದಾರ್ಥಗಳ ಗಂಜಿ ಸಿದ್ಧವಾಗುತ್ತದೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ. ಉಂಡೆಯೊಳಗೆ ಒಂದು ವಸ್ತು ಅಡಗಿರುತ್ತದೆ. ಮೆಣಸಿನಕಾಯಿ ಸಿಕ್ಕವರು ಮಾತಿನ ಮಲ್ಲರು, ಇದ್ದಿಲು ಸಿಕ್ಕವರದು ಕಪ್ಪು ಮನಸ್ಸು, ಉಣ್ಣೆ ಸಿಕ್ಕವರದು ಮೆತ್ತನೆಯ ಹೃದಯ ಎಂದು ನಗೆಯಾಡುತ್ತಾರೆ. ವರ್ಷವಿಡೀ ಮನಸ್ಸಿನಲ್ಲಿಟ್ಟುಕೊಂಡಿದ್ದ ಸಣ್ಣಪುಟ್ಟ ಸಿಟ್ಟು ಅಂದು ನಗೆಯಲ್ಲಿ ಕರಗುತ್ತದೆ.

ಊಟದ ನಂತರ ಹಿಟ್ಟಿನಿಂದ ಮಾಡಿದ ಪುಟ್ಟ ಬೊಂಬೆಯನ್ನೂ ಉಳಿದ ಗಂಜಿಯನ್ನೂ ಹೊರಗೆ ಕೊಂಡೊಯ್ದು ದಾರಿಗಳು ಕೂಡುವಲ್ಲಿ ಬಿಟ್ಟು, ತಿರುಗಿ ನೋಡದೆ ಬರುತ್ತಾರೆ. ನಿವಾಳಿಸಿದ್ದನ್ನು ಮೂರು ದಾರಿ ಕೂಡುವಲ್ಲಿ ಇಟ್ಟು ಬರುವ ನಮ್ಮ ಹಳ್ಳಿಗಳ ರೂಢಿಯನ್ನು ಇದು ನೆನಪಿಸುತ್ತದೆ. ಬೌದ್ಧ ಮಠಗಳಲ್ಲಿ ಇದೇ ವಿಧಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. 'ತೋರ್ಮಾ' ಎಂಬ ಹಿಟ್ಟಿನ ನೈವೇದ್ಯವನ್ನು ಮಂತ್ರಘೋಷ, ತಾಳ, ಉದ್ದನೆಯ ಕಹಳೆಗಳೊಡನೆ ಹೊರತಂದು ಬೆಂಕಿಗೆ ಅರ್ಪಿಸುತ್ತಾರೆ. ಮುಖವಾಡ ಧರಿಸಿ ಭಿಕ್ಷುಗಳು ಮಾಡುವ 'ಛಾಮ್' ನೃತ್ಯ ಇಂಥ ಸಂದರ್ಭದ್ದು. ನೋಡುವವರಿಗೆ ಅದು ಕುಣಿತ. ಮಾಡುವವರಿಗೆ ಧ್ಯಾನದ ಒಂದು ಭಾಗ. ಅಲ್ಲಿ ಕೊಲ್ಲುವುದು ಹೊರಗಿನ ವೈರಿಯನ್ನಲ್ಲ, ಒಳಗಿನ ಅಹಂಕಾರವನ್ನು ಎಂಬುದು ಅವರ ವಿವರಣೆ.

ಹೊಸ ವರ್ಷದ ಬೆಳಿಗ್ಗೆ ದೇವರ ಕೋಣೆಯಲ್ಲಿ 'ಚೆಮಾರ್' ಎಂಬ ಎರಡು ಖಾನೆಯ ಮರದ ಪೆಟ್ಟಿಗೆ ಇರುತ್ತದೆ. ಒಂದರಲ್ಲಿ ಬೆಣ್ಣೆ ಬೆರೆಸಿದ ಹುರಿದ ಬಾರ್ಲಿ ಹಿಟ್ಟು, ಇನ್ನೊಂದರಲ್ಲಿ ಕಾಳು. ಬಂದವರು ಒಂದು ಚಿಟಿಕೆ ತೆಗೆದು ಗಾಳಿಗೆ ತೂರಿ, ತುಸು ಬಾಯಿಗೆ ಹಾಕಿಕೊಂಡು 'ತಾಶಿ ದೆಲೆಕ್' ಎಂದು ಶುಭ ಕೋರುತ್ತಾರೆ. ದಸರೆಗೆ ಬನ್ನಿ ಹಂಚಿ 'ಬಂಗಾರದಂಗ ಇರೋಣ' ಎನ್ನುವ ಉತ್ತರ ಕರ್ನಾಟಕದವರಿಗೆ ಇದರ ಭಾವ ಬೇಗ ತಿಳಿಯುತ್ತದೆ. ಪಕ್ಕದಲ್ಲಿ ಮೊಳಕೆ ಬಂದ ಗೋಧಿಯ ಬಟ್ಟಲು, ನಮ್ಮ ಶಂಕರಪೋಳಿಯನ್ನು ಹೋಲುವ 'ಖಾಪ್ಸೆ' ಎಂಬ ಕರಿದ ತಿಂಡಿಯ ರಾಶಿ. ಮೂರನೆಯ ದಿನ ಹಳೆಯ ಪ್ರಾರ್ಥನಾ ಪತಾಕೆಗಳ ಜಾಗದಲ್ಲಿ ಹೊಸವನ್ನು ಕಟ್ಟಿ ಧೂಪ ಹಾಕುತ್ತಾರೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಎಂಬ ಐದು ಬಣ್ಣಗಳು ಆಕಾಶ, ವಾಯು, ಅಗ್ನಿ, ಜಲ, ಭೂಮಿಗಳ ಸಂಕೇತ.

ಬೆಣ್ಣೆ ನಿಲ್ಲದ ಊರಲ್ಲಿ ಬೆಣ್ಣೆಯ ಹೂವು

ಲೋಸರ್ ಮುಗಿಯುತ್ತಲೇ ಮಠಗಳಲ್ಲಿ 'ಮೊನ್‌ಲಮ್' ಎಂಬ ಮಹಾ ಪ್ರಾರ್ಥನೋತ್ಸವ ಆರಂಭ. ಗೆಲುಗ್ ಪಂಥದ ಮೂಲಪುರುಷ ತ್ಸೊಂಗ್‌ಖಾಪಾ 1409ರಲ್ಲಿ ಲ್ಹಾಸಾದಲ್ಲಿ ಇದನ್ನು ಆರಂಭಿಸಿದರು. ವರ್ಷದ ಮೊದಲ ಹದಿನೈದು ದಿನ ಬುದ್ಧ ಪವಾಡಗಳನ್ನು ತೋರಿದ ಕಾಲವೆಂಬ ನಂಬಿಕೆ. ಹುಣ್ಣಿಮೆಯಂದು ಬಣ್ಣದ ಬೆಣ್ಣೆಯಲ್ಲಿ ಮಾಡಿದ ಹೂವು, ಚಕ್ರ, ದೇವತೆಗಳ ಆಕೃತಿಗಳನ್ನು ಅರ್ಪಿಸುವುದು ಸಂಪ್ರದಾಯ.

ಲ್ಹಾಸಾದ ಚಳಿಯಲ್ಲಿ ಬೆಣ್ಣೆ ಕಲ್ಲಿನಂತೆ ನಿಲ್ಲುತ್ತದೆ. ದಕ್ಷಿಣ ಭಾರತದಲ್ಲಿ ಫೆಬ್ರವರಿ-ಮಾರ್ಚ್ ಎಂದರೆ ಬಿಸಿಲು ಏರುವ ಕಾಲ. ಹೀಗಾಗಿ ಇಲ್ಲಿನ ಮಠಗಳಲ್ಲಿ ಬೆಣ್ಣೆಯ ಬದಲು ಮೇಣ, ವನಸ್ಪತಿ ತುಪ್ಪಗಳನ್ನು ಬಳಸುವುದು ರೂಢಿಗೆ ಬಂದಿತು. ದೀಪಗಳಿಗೂ ಅದೇ ವನಸ್ಪತಿ. ಪದಾರ್ಥ ಬದಲಾಯಿತು, ವಿಧಿ ಉಳಿಯಿತು. ವಲಸೆ ಬಂದ ಹಬ್ಬಗಳು ಬಾಳುವ ಬಗೆ ಇದೇ ಎನ್ನಬಹುದು.

ಈ ಮಾತನ್ನು ಜಪಾನಿನ ಒಂದು ಉದಾಹರಣೆಯ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿನ ದೇವಾಲಯಗಳ ಊರಾದ ನಾರಾದ ತೋದೈಜಿ ಬೌದ್ಧ ದೇವಾಲಯದಲ್ಲಿ 'ಶುನಿಎ' ಎಂಬ ವಿಧಿ ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಎರಡು ವಾರ ನಡೆಯುತ್ತದೆ. 752ರಿಂದ ಅದು ಒಂದು ವರ್ಷವೂ ತಪ್ಪಿಲ್ಲವೆಂಬುದು ಅಲ್ಲಿಯವರ ಹೆಮ್ಮೆ. ಭಿಕ್ಷುಗಳು ಲೋಕದ ಪರವಾಗಿ ತಪ್ಪೊಪ್ಪಿಕೊಂಡು ಪ್ರಾರ್ಥಿಸುತ್ತಾರೆ. ರಾತ್ರಿ ದೊಡ್ಡ ಪಂಜುಗಳನ್ನು ಹೊತ್ತು ಸಭಾಂಗಣದ ಮೊಗಸಾಲೆಯಲ್ಲಿ ಓಡಲಾಗುತ್ತದೆ. ನಾರಾದಲ್ಲಿ ಊರು ನಿಂತಲ್ಲಿಯೇ ನಿಂತು ವಿಧಿಯನ್ನು ಕಾಪಾಡಿತು. ಮುಂಡಗೋಡದವರಿಗೆ ಆ ಅನುಕೂಲವಿರಲಿಲ್ಲ. ಇಲ್ಲಿ ವಿಧಿಯೇ ಊರನ್ನು ಕಟ್ಟಬೇಕಾಯಿತು.

ಮಳೆಗಾಲದ ವ್ರತ

ನಮ್ಮ ಯತಿಗಳು ಚಾತುರ್ಮಾಸ್ಯಕ್ಕೆ ಕೂರುವ ಹೊತ್ತಿಗೆ ಮುಂಡಗೋಡದ ಮಠಗಳಲ್ಲಿ 'ಯಾರ್ನೆ' ಎಂಬ ವರ್ಷಾವಾಸ ವ್ರತ ನಡೆಯುತ್ತದೆ. ಆರನೆಯ ತಿಂಗಳ ಹುಣ್ಣಿಮೆಯ ಸುಮಾರಿಗೆ ಆರಂಭವಾಗಿ 45 ದಿನ ನಡೆಯುವ ಈ ಅವಧಿಯಲ್ಲಿ ಭಿಕ್ಷುಗಳು ಗೊತ್ತುಪಡಿಸಿದ ಎಲ್ಲೆ ದಾಟುವುದಿಲ್ಲ. ಕಾರಣವೂ ಒಂದೇ: ಮಳೆಗಾಲದಲ್ಲಿ ಓಡಾಡಿದರೆ ಹುಳು-ಹುಪ್ಪಟೆ, ಎಳೆಯ ಸಸಿಗಳು ಕಾಲಡಿ ಸಾಯುತ್ತವೆ. ಬುದ್ಧನ ಕಾಲದಲ್ಲಿ ಗಂಗಾ ಬಯಲಿನ ಮಳೆಯನ್ನು ನೋಡಿ ಹುಟ್ಟಿದ ನಿಯಮವಿದು. ಮಳೆ ಕಡಿಮೆಯಿರುವ ಟಿಬೆಟ್‌ನಲ್ಲಿ ಅದು ಶತಮಾನಗಳ ಕಾಲ ಶಾಸ್ತ್ರಕ್ಕೆಂದು ನಡೆಯಿತು. ಮಲೆನಾಡಿನ ಮಳೆಗೆ ಬಂದ ಮೇಲೆ ಅದಕ್ಕೆ ಹಳೆಯ ಅರ್ಥ ಮರಳಿ ಬಂದಂತಾಗಿದೆ.

ವ್ರತ ಮುಗಿಸಿ ಹೊರಬರುವ ಭಿಕ್ಷುಗಳಿಗೆ ಗೃಹಸ್ಥರು ಮೊಸರು ಕೊಡುವ ಪದ್ಧತಿಯಿಂದಲೇ 'ಶೋತೋನ್', ಎಂದರೆ ಮೊಸರಿನ ಹಬ್ಬ, ಹುಟ್ಟಿತು. ಲ್ಹಾಸಾದಲ್ಲಿ ಅದರ ತವರು ಡ್ರೆಪುಂಗ್ ಮಠವೇ.

ದೀಪದ ರಾತ್ರಿ, ಪದವಿಯ ದಿನ

ಮುಂಡಗೋಡಕ್ಕೆ ಅತ್ಯಂತ ಹತ್ತಿರದ ಹಬ್ಬ 'ಗಾದೆನ್ ನಮ್‌ಚೋ'. ತ್ಸೊಂಗ್‌ಖಾಪಾ ತೀರಿಕೊಂಡದ್ದು 1419ರಲ್ಲಿ, ಹತ್ತನೆಯ ತಿಂಗಳ 25ರಂದು. ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲಿ ಬರುವ ಆ ದಿನ ಸಂಜೆ ಮಠಗಳ ಮಾಳಿಗೆ, ಕಿಟಕಿ, ಮೆಟ್ಟಿಲುಗಳ ಮೇಲೆಲ್ಲ ದೀಪ ಹಚ್ಚುತ್ತಾರೆ. ಕಾರ್ತಿಕ ದೀಪೋತ್ಸವ ನೋಡಿದವರಿಗೆ ಇದು ಅದರದೇ ಮುಂದುವರಿಕೆಯಂತೆ ಕಾಣುತ್ತದೆ. ತ್ಸೊಂಗ್‌ಖಾಪಾ ತೀರಿಕೊಂಡ 600ನೆಯ ವರ್ಷಾಚರಣೆಗೆ 2019ರ ಡಿಸೆಂಬರ್‌ನಲ್ಲಿ ದಲೈ ಲಾಮಾ ಹುಬ್ಬಳ್ಳಿ ಮಾರ್ಗವಾಗಿ ಇಲ್ಲಿಗೆ ಬಂದಿದ್ದರು.

ಆದರೆ ಇತಿಹಾಸದ ದೃಷ್ಟಿಯಿಂದ ಇನ್ನೂ ದೊಡ್ಡ ಘಟನೆ ನಡೆದದ್ದು 2016ರ ಡಿಸೆಂಬರ್‌ನಲ್ಲಿ. ಡ್ರೆಪುಂಗ್ ಮಠದಲ್ಲಿ ನಡೆದ ಸಮಾರಂಭದಲ್ಲಿ ದಲೈ ಲಾಮಾ 20 ಭಿಕ್ಷುಣಿಯರಿಗೆ 'ಗೆಶೆಮಾ' ಪದವಿ ಪ್ರದಾನ ಮಾಡಿದರು. ಗೆಶೆ ಎಂಬುದು ಈ ಪಂಥದ ಅತ್ಯುನ್ನತ ವಿದ್ವತ್ ಪದವಿ. ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಅಧ್ಯಯನ ಬೇಕು. ಶತಮಾನಗಳ ಕಾಲ ಅದು ಗಂಡಸರಿಗೆ ಮಾತ್ರ ಮೀಸಲಾಗಿತ್ತು. 2011ರಲ್ಲಿ ಜರ್ಮನಿ ಮೂಲದ ಒಬ್ಬ ಭಿಕ್ಷುಣಿಗೆ ಮೊದಲ ಸಲ ಈ ಪದವಿ ದೊರೆತಿತ್ತು. ಟಿಬೆಟಿಯನ್ ಪರಂಪರೆಯ ಭಿಕ್ಷುಣಿಯರು ಒಂದು ತಂಡವಾಗಿ ಅದನ್ನು ಪಡೆದದ್ದು ಇದೇ ಮೊದಲು. ಟಿಬೆಟ್‌ನಲ್ಲಿ ಆಗದ ಬದಲಾವಣೆ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ ಆಯಿತು. ಸಂಪ್ರದಾಯ ಎಂದರೆ ಬದಲಾಗದೆ ಇರುವುದು ಎಂಬ ಸಾಮಾನ್ಯ ತಿಳಿವಳಿಕೆಗೆ ಇದು ಉತ್ತರ.

ಚಪ್ಪಾಳೆಯ ವಾದ

ಹಬ್ಬವಲ್ಲದ ದಿನವೂ ಮಠದ ಅಂಗಳದಲ್ಲಿ ಒಂದು ದೃಶ್ಯ ಕಾಣಸಿಗುತ್ತದೆ. ಒಬ್ಬ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬ ನಿಂತು ಪ್ರಶ್ನೆ ಕೇಳುತ್ತಾನೆ. ಪ್ರಶ್ನೆ ಮುಗಿಯುವಾಗ ಎಡಗಾಲು ನೆಲಕ್ಕೆ ಅಪ್ಪಳಿಸಿ, ಬಲಗೈಯಿಂದ ಎಡ ಅಂಗೈಗೆ ಜೋರಾಗಿ ಹೊಡೆಯುತ್ತಾನೆ. ಜಗಳವೆಂದು ಭ್ರಮಿಸುವವರೂ ಉಂಟು. ಅದು ಶಾಸ್ತ್ರವಾದ. ಕೆಳಗೆ ಚಾಚಿದ ಎಡಗೈ ದುರ್ಗತಿಯ ಬಾಗಿಲು ಮುಚ್ಚುವ, ಮೇಲೆತ್ತುವ ಬಲಗೈ ಜೀವಿಗಳನ್ನು ದುಃಖದಿಂದ ಎತ್ತುವ ಸಂಕೇತ. ವಾದದ ಆರಂಭದಲ್ಲಿ ಕೂಗುವ 'ಧೀಃ' ಎಂಬುದು ಜ್ಞಾನದ ದೇವತೆ ಮಂಜುಶ್ರೀಯ ಬೀಜಾಕ್ಷರ. ಚಳಿಗಾಲದಲ್ಲಿ ಮೂರೂ ಮಹಾಮಠಗಳ ಭಿಕ್ಷುಗಳು ಸೇರಿ ನಡೆಸುವ 'ಜಾಂಗ್ ಗುನ್‌ಚೋ' ಎಂಬ ವಾದಸಭೆಗೆ ವಿಷಯ ಏಳನೆಯ ಶತಮಾನದ ಧರ್ಮಕೀರ್ತಿಯ ಪ್ರಮಾಣವಾರ್ತಿಕ.

ಗೆಶೆ ಅಧ್ಯಯನದ ಐದು ಮೂಲಗ್ರಂಥಗಳೂ ಭಾರತದಲ್ಲಿ ಸಂಸ್ಕೃತದಲ್ಲಿ ಹುಟ್ಟಿದವು. ಪ್ರಮಾಣವಾರ್ತಿಕದ ಜೊತೆಗೆ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಭಾರತದಲ್ಲಿ ಬೌದ್ಧ ವಿಹಾರಗಳು ಅಳಿದಾಗ ಇಂಥ ಅನೇಕ ಗ್ರಂಥಗಳ ಪಾಠ ನಿಂತುಹೋಯಿತು. ಪ್ರಮಾಣವಾರ್ತಿಕದ ಸಂಸ್ಕೃತ ಹಸ್ತಪ್ರತಿಯನ್ನು ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಹುಡುಕಿ ತಂದದ್ದು ಟಿಬೆಟ್‌ನಿಂದಲೇ. ಅಂದರೆ ಮುಂಡಗೋಡದ ಅಂಗಳದಲ್ಲಿ ಕೇಳಿಸುವ ಚಪ್ಪಾಳೆ ಹೊರಗಿನಿಂದ ಬಂದದ್ದಲ್ಲ, ಹೋಗಿ ಮರಳಿ ಬಂದದ್ದು. ಅಶೋಕನ ಕಾಲದಲ್ಲಿ ಧರ್ಮಪ್ರಸಾರಕ್ಕೆ ರಕ್ಖಿತ ಎಂಬ ಭಿಕ್ಷುವನ್ನು ವನವಾಸಕ್ಕೆ ಕಳುಹಿಸಲಾಯಿತೆಂದು ಶ್ರೀಲಂಕಾದ ಮಹಾವಂಸ ಹೇಳುತ್ತದೆ. ಆ ವನವಾಸವನ್ನು ವಿದ್ವಾಂಸರು ಇದೇ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ಗುರುತಿಸುತ್ತಾರೆ.

ಮುಂದಿನ ಚಕ್ರದ ಪ್ರಶ್ನೆ

ಇಷ್ಟೆಲ್ಲ ಇದ್ದರೂ ಮುಂದಿನ ದಾರಿ ಸುಗಮವಾಗಿಲ್ಲ. ಹಿಂದೆ ಪ್ರತಿ ವರ್ಷ ಎರಡು-ಮೂರು ಸಾವಿರ ಜನ ಟಿಬೆಟ್‌ನಿಂದ ಗಡಿ ದಾಟಿ ಬರುತ್ತಿದ್ದರು. ಅವರಲ್ಲಿ ಅನೇಕ ಬಾಲಕರು ಮಠ ಸೇರುತ್ತಿದ್ದರು. 2008ರ ಪ್ರತಿಭಟನೆಗಳ ನಂತರ ಚೀನಾ ಗಡಿ ಬಿಗಿಗೊಳಿಸಿದ ಮೇಲೆ ಆ ಹರಿವು ಬಹುತೇಕ ನಿಂತಿದೆ. ಈಗ ಮಠಗಳು ಲಡಾಖ್, ಸ್ಪಿತಿ, ಅರುಣಾಚಲ ಪ್ರದೇಶ, ನೇಪಾಳದಂಥ ಹಿಮಾಲಯ ಪ್ರದೇಶಗಳ ಮಕ್ಕಳನ್ನು ಹೆಚ್ಚು ಅವಲಂಬಿಸಿವೆ.

ಗೃಹಸ್ಥರ ಕ್ಯಾಂಪ್‌ಗಳಲ್ಲಿ ಬೇರೆಯದೇ ಚಿಂತೆ. 2009ರ ಟಿಬೆಟಿಯನ್ ಆಡಳಿತದ ಗಣತಿಯಲ್ಲಿ ಭಾರತದಲ್ಲಿ 94 ಸಾವಿರಕ್ಕೂ ಹೆಚ್ಚು ಟಿಬೆಟಿಯನ್ನರಿದ್ದರು. ನಂತರದ ವರ್ಷಗಳಲ್ಲಿ ಆ ಸಂಖ್ಯೆ ಇಳಿಮುಖವಾಗಿದೆ. ಓದಿದ ಯುವಜನ ಬೆಂಗಳೂರು, ದೆಹಲಿಗೆ, ಅಲ್ಲಿಂದ ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಹಿಟ್ಟಿನ ಉಂಡೆ ಹಂಚುವ ರಾತ್ರಿ ಅನೇಕ ಮನೆಗಳಲ್ಲಿ ಹಿರಿಯರಷ್ಟೇ ಉಳಿದಿರುತ್ತಾರೆ. ಹೊರಗೆ ಹೋಗಲು ಕಾನೂನಿನ ಸ್ಥಿತಿಯೂ ಒಂದು ಕಾರಣ. ಬಹುತೇಕರ ಕೈಯಲ್ಲಿರುವುದು ಕಾಲಕಾಲಕ್ಕೆ ನವೀಕರಿಸಬೇಕಾದ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯ ಪ್ರಜೆಗಳೆಂಬ ಕಾಯ್ದೆಯ ಮಾತು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ನೀಡಿತ್ತು. ಆದರೆ ಪೌರತ್ವ ಪಡೆದರೆ ಮರಳಿ ಹೋಗುವ ಆಸೆಯನ್ನು ಬಿಟ್ಟುಕೊಟ್ಟಂತೆ ಎಂಬ ಅಳುಕು ಸಮುದಾಯದೊಳಗೆ ಹಳೆಯದು.

ಎಲ್ಲಕ್ಕಿಂತ ಮೇಲಿನದು ಉತ್ತರಾಧಿಕಾರದ ಪ್ರಶ್ನೆ. ದಲೈ ಲಾಮಾ ಅವರಿಗೆ 2025ರ ಜುಲೈ 6ಕ್ಕೆ 90 ವರ್ಷ ತುಂಬಿತು. ಅದಕ್ಕೆ ನಾಲ್ಕು ದಿನ ಮೊದಲು ಅವರು ದಲೈ ಲಾಮಾ ಪೀಠ ತಮ್ಮ ನಂತರವೂ ಮುಂದುವರಿಯುವುದೆಂದೂ ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟ್‌ಗೆ ಮಾತ್ರ ಇದೆಯೆಂದೂ ಘೋಷಿಸಿದರು. ಅದಕ್ಕೆ ತನ್ನ ಒಪ್ಪಿಗೆ ಬೇಕೆಂಬುದು ಚೀನಾದ ಪಟ್ಟು. 'ಗಾದೆನ್ ಫೋದ್ರಾಂಗ್' ಎಂಬುದು ಮೂಲತಃ ಟಿಬೆಟ್‌ನ ಡ್ರೆಪುಂಗ್ ಮಠದಲ್ಲಿದ್ದ ದಲೈ ಲಾಮಾಗಳ ನಿವಾಸದ ಹೆಸರು. ಆದ್ದರಿಂದ ಈ ಪ್ರಶ್ನೆ ಮುಂಡಗೋಡದಿಂದ ದೂರದ್ದಲ್ಲ.

ಅರವತ್ತು ವರ್ಷಗಳ ಹಿಂದೆ ಕಾಡಿನ ನಡುವೆ ಬಂದಿಳಿದವರ ಬಳಿ ಇದ್ದದ್ದು ತಿಥಿಗಳ ಲೆಕ್ಕ ಮತ್ತು ಬಾಯಿಪಾಠವಾಗಿದ್ದ ಗ್ರಂಥಗಳು. ಮಠ, ಅಂಗಳ, ಕ್ಯಾಂಪ್ ಎಲ್ಲ ಆಮೇಲೆ ಬಂದವು. ಈಗ ಕಟ್ಟಡಗಳಿವೆ, ಲೆಕ್ಕ ಹಿಡಿಯುವ ಕೈಗಳು ಎಷ್ಟು ಉಳಿಯುತ್ತವೆ ಎಂಬುದೇ ಪ್ರಶ್ನೆ. ಮುಂದಿನ ಅಗ್ನಿ-ಅಶ್ವ ವರ್ಷ 2086ಕ್ಕೆ.

ಹೋಗಿ ನೋಡುವವರಿಗೆ

ದೇಶಪಾಂಡೆ ನಗರದಿಂದ ತಡಸ ಮಾರ್ಗವಾಗಿ ಹೊರಟರೆ ಮುಂಡಗೋಡಕ್ಕೆ ಸುಮಾರು ಒಂದೂವರೆ ತಾಸಿನ ದಾರಿ. ಭಾರತೀಯರಿಗೆ ವಿಶೇಷ ಪರವಾನಗಿ ಬೇಕಿಲ್ಲ. ವಿದೇಶಿಯರು ಮಾತ್ರ ಕಾಲೊನಿಯೊಳಗೆ ಹೋಗಲು ಕೇಂದ್ರ ಗೃಹ ಸಚಿವಾಲಯದಿಂದ ಮೊದಲೇ ಅನುಮತಿ ಪಡೆದಿರಬೇಕು. ಪ್ರಾರ್ಥನಾ ಮಂದಿರದಲ್ಲಿ ಚಪ್ಪಲಿ, ಟೊಪ್ಪಿಗೆ ತೆಗೆಯಬೇಕು. ಪ್ರದಕ್ಷಿಣೆ ನಮ್ಮ ಗುಡಿಗಳಂತೆಯೇ ಬಲಕ್ಕೆ. ವಾದ ನಡೆಯುವಾಗ ಅಂಗಳದ ಅಂಚಿನಲ್ಲಿ ಸದ್ದಿಲ್ಲದೆ ನಿಂತು ನೋಡಬಹುದು. ಫೋಟೊ ತೆಗೆಯುವ ಮುನ್ನ ಕೇಳುವುದು ಒಳ್ಳೆಯದು.